ಗೃಹಪ್ರವೇಶವೋ ಗ್ರಹಪ್ರವೇಶವೋ?

ಚಿ. ಸೌ. ಮಗಳಿಗೆ,

ಆಶೀರ್ವಾದ. ಅಕ್ಷರಗಳನ್ನು ಇನ್ನೊಮ್ಮೆ ನೋಡಿಕೋ ಕಂದಾ, ಏಕೆಂದರೆ ನೀನು ಕಳಿಸಿದ ಗೃಹಪ್ರವೇಶದ ಆಮಂತ್ರಣ ಕಾರ್ಡಿನ ಕರಡಿನಲ್ಲಿ ಅದು 'ಆರ್ಶೀವಾದ' ಆಗಿದೆ. 'ಮುಹೂರ್ತ'ವೂ ಕೆಟ್ಟು 'ಮುರ್ಹೂತ'ವಾಗಿದೆ.

ಎರಡಕ್ಕೂ ರೋಗ ಒಂದೇ, ಅರ್ಕಾವತ್ತು. ಉಚ್ಚಾರದಲ್ಲಿ ರ್ ಮೊದಲು ಬರುತ್ತದೆ, ಬರೆಯುವಾಗ ಅದರ ಗುರುತು ಮುಂದಿನ ಅಕ್ಷರದ ಆಚೆ ಕೂರುತ್ತದೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಈ ಗುರುತು ಬೇರೆಯೇ ಒಂದು ತುಣುಕು. ಶೀ, ರ್, ವಾ ಎಂದು ಕಿವಿಗೆ ಬಿದ್ದ ಕ್ರಮದಲ್ಲೇ ಒತ್ತಿದರೆ ಅದು ವಾ ಬಿಟ್ಟು ಶೀಗೆ ಅಂಟುತ್ತದೆ. ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಈ ತಲೆನೋವಿಲ್ಲ. ಕೇಳಿದ ಕ್ರಮದಲ್ಲೇ ಟೈಪಿಸು, ಸರಿಯಾದ ಜಾಗದಲ್ಲಿ ಕೂರಿಸುವುದು ಫಾಂಟಿನ ಕೆಲಸ.

ತಲೆಬರಹದಲ್ಲಿ 'ಗ್ರಹಪ್ರವೇಶ' ಎಂದಿದೆ. ಶುಕ್ರನಲ್ಲಿಗೋ ಶನಿಯಲ್ಲಿಗೋ ಹೇಳಿಲ್ಲ, ವಿಳಾಸದಲ್ಲಿ ಮಾತ್ರ ಮೂರನೇ ಮಹಡಿ! ಗ್ರಹ ಎಂದರೆ ಆಕಾಶದ್ದು, ಗೃಹ ಎಂದರೆ ಮನೆ. ಮಾತಿನಲ್ಲಿ ಗೃ ನಮಗೆ 'ಗ್ರು' ಎಂದೇ ಕೇಳುವುದರಿಂದ ಕೈ ತಪ್ಪುತ್ತದೆ. ಕನ್ನಡ ಟೈಪಿಸುವ 'ಬರಹ' ತಂತ್ರಾಂಶದಲ್ಲಾದರೆ ಜಿ ಆದಮೇಲೆ ದೊಡ್ಡ ಆರ್, ಚಿಕ್ಕ ಯು ಒತ್ತು.

'ಗಂಟೆ'ಯ ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಕೂತಿದೆ. ಎರಡನ್ನೂ ನಾವು ಸೊನ್ನೆ ಎಂದೇ ಕರೆಯುತ್ತೇವೆ, ನೋಡಲೂ ಅವಳಿ ಜವಳಿ. ಆದರೆ ಯೂನಿಕೋಡಿನಲ್ಲಿ ಅನುಸ್ವಾರ 0ಸಿ82, ಅಂಕಿ 0ಸಿಇ6. ಅದಲುಬದಲಾದರೆ ಹುಡುಕಿದಾಗ ಪದ ಸಿಗುವುದಿಲ್ಲ, ಕೆಲವು ಫಾಂಟ್‌ಗಳಲ್ಲಿ ಗಾತ್ರವೂ ಎದ್ದು ಕಾಣುತ್ತದೆ. '೧೦.೩೦'ರಲ್ಲಿ ಅಂಕಿಯ ಬದಲು ಅನುಸ್ವಾರ ಒತ್ತಿದರೆ ಆಸರೆಯ ಅಕ್ಷರ ಸಿಗದೆ ಅದರ ಪಕ್ಕದಲ್ಲಿ ಚುಕ್ಕಿಗಳ ಉಂಗುರವೊಂದು ಮೂಡಬಹುದು.

ಇನ್ನು 'ಅಪಾರ್ಟ್ಮೆಂಟ್'. ಟಕಾರದ ಕಾಲಡಿ ಸಿಕ್ಕಿಬಿದ್ದ ಮಕಾರವನ್ನು ಓದುವವರು ಎಡವದೆ ಇರುತ್ತಾರೆಯೇ? ಟ್ ಆದಮೇಲೆ ಒತ್ತಕ್ಷರ ತಡೆಯುವ, ಕಣ್ಣಿಗೆ ಕಾಣದ ಅಕ್ಷರವೊಂದನ್ನು (ಯೂನಿಕೋಡ್ 200ಸಿ) ಇಟ್ಟರೆ 'ಅಪಾರ್ಟ್‌ಮೆಂಟ್' ಆಗುತ್ತದೆ. 'ಬರಹ' ತಂತ್ರಾಂಶದಲ್ಲಿ ಅದಕ್ಕೆ ಆರರ ಕೀಲಿಯ ಮೇಲಿರುವ ಟೋಪಿ ಗುರುತು.

ಅಚ್ಚಿನವರಿಗೆ ಯೂನಿಕೋಡ್ ಪಠ್ಯವನ್ನೇ ಕೊಡು. ಅವರು ಅದನ್ನು ಹಳೆಯ ಫಾಂಟಿಗೆ ಪರಿವರ್ತಿಸಿದರೆ ಅರ್ಕಾವತ್ತು, ಈ ಕಾಣದ ಅಕ್ಷರ ಇವೆರಡನ್ನೂ ಮೊದಲು ನೋಡು, ಹಾಳಾಗುವುದು ಅವೇ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತುಗಳು ಕಿತ್ತು ಪಕ್ಕಕ್ಕೆ ಬಿದ್ದಿದ್ದರೆ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಲು ಹೇಳು. ಅಂದಕ್ಕೆಂದು ಅಕ್ಷರಗಳ ನಡುವೆ ಜಾಗ ಹಿಗ್ಗಿಸುವುದು ಬೇಡವೇ ಬೇಡ, ದೀರ್ಘವೂ ಅರ್ಕಾವತ್ತೂ ತಮ್ಮ ಅಕ್ಷರದಿಂದ ದೂರ ಸರಿದು ಅನಾಥವಾಗುತ್ತವೆ. 14 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 20 ಆದರೂ ಇರಲಿ. ಇಂಗ್ಲಿಷಿನ ಲೆಕ್ಕದಲ್ಲಿ 17ಕ್ಕೆ ನಿಲ್ಲಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಿವಿಯುತ್ತದೆ.

ವಿನ್ಯಾಸದ ತಂತ್ರಾಂಶ ಕೋರೆಲ್‌ಡ್ರಾದಲ್ಲಿ ಕರ್ವ್ಸ್ ಮಾಡಿದರೆ, ಎಂದರೆ ಅಕ್ಷರಗಳನ್ನು ಗೆರೆಗಳ ಆಕಾರವಾಗಿಸಿದರೆ, ಫಾಂಟಿಲ್ಲದ ಕಂಪ್ಯೂಟರಿನಲ್ಲೂ ಅಕ್ಷರ ಕೆಡುವುದಿಲ್ಲ. ಆದರೆ ಆಮೇಲೆ ಅದು ಬರೀ ಚಿತ್ರ, ಕಾಗುಣಿತ ತಿದ್ದಲಾಗದು. ಅದಕ್ಕೇ ಪ್ರೂಫನ್ನು ಅದಕ್ಕೂ ಮುಂಚೆ, ಕಾಗದದ ಮೇಲೆ ಮುದ್ರಿಸಿಕೊಂಡು ನೋಡು. ಕೊನೆಯ ಪದದಿಂದ ಹಿಂದಕ್ಕೆ ಓದಿಕೊಂಡು ಬಾ. ಅಳಿಯಂದಿರ ಹೆಸರಿನಲ್ಲಿ ಷಕಾರವೋ ಶಕಾರವೋ, ಅವರನ್ನೇ ಕೇಳು.

ಇಂತು,
ನಿನ್ನ ಅಪ್ಪ