ಅಡ್ವಾನ್ಸ್ ಕೊಡೋ ಮೊದಲು ಗುಂಡಿ ತೋಡಿಸಿ

ಟೆಕೋಪಾ, ಕ್ಯಾಲಿಫೋರ್ನಿಯಾ
ಮಂಗಳವಾರ ರಾತ್ರಿ

ಅಪ್ಪನಿಗೆ ನಮಸ್ಕಾರ. ಅಮ್ಮನಿಗೂ ಅಜ್ಜಿಗೂ ತಿಳಿಸಿ. ನಾನು ಕ್ಷೇಮ. ಮಂಜು ಇದನ್ನು ಪ್ರಿಂಟ್ ತೆಗೆದು ಕೊಡ್ತಾನೆ.

ಯುಗಾದಿ ಕಳೆದ ಮೇಲೆ ಸೈಟಿಗೆ ಅಡ್ವಾನ್ಸ್ ಕೊಡ್ತೀನಿ ಅಂತ ಬರೆದಿದ್ದೀರಿ. "ಪಕ್ಕದಲ್ಲೇ ಕೆರೆ ಇತ್ತಂತೆ, ಬೋರ್‌ವೆಲ್‌ಗೆ ತೊಂದರೆ ಇಲ್ಲ" ಅಂತ ಗಿರಿ ಮಾವ ಹೇಳಿದರಂತೆ. ಕೆರೆ ಪಕ್ಕದಲ್ಲಿತ್ತೋ, ಸೈಟಿನ ಅಡಿಯಲ್ಲೇ ಇತ್ತೋ? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಗಿದ್ದು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಗಿದ್ದು ನಿಮಗೆ ಗೊತ್ತಿರದ್ದಲ್ಲ.

ಇಲ್ಲೂ, ನಾವು ಮಣ್ಣು ಅಗೆದು ನೋಡ್ತಿರೋ ಜಾಗದಲ್ಲಿ, ಹಿಂದೆ ಇದ್ದದ್ದು ಕೆರೆಯೇ, ಊರಗಲದ್ದು. ಈಗ ಬರೀ ಮರುಭೂಮಿ. ಪಕ್ಕದ ಡೆತ್ ವ್ಯಾಲಿಯಲ್ಲಿ ವರ್ಷಕ್ಕೆ ಬೀಳೋದು ಸುಮಾರು ಎರಡು ಇಂಚು ಮಳೆ. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತ ಬಂದು ಒಂದೇ ದಿನ 2.2 ಇಂಚು ಸುರಿಯಿತು. ಉಪ್ಪಿನ ಬಯಲಲ್ಲಿ ನಿಂತ ನೀರಿಗೆ ಮುಂದಿನ ಫೆಬ್ರವರಿಯಲ್ಲಿ ಜನ ದೋಣಿ ಹೊತ್ತು ತಂದರು! ನಿಮ್ಮ ಲೇಔಟ್‌ಗೆ ಮಳೆಗಾಲದಲ್ಲಿ ಒಮ್ಮೆಯಾದರೂ ಹೋಗಿದ್ದೀರಾ?

ಕೆರೆಮಣ್ಣನ್ನು ಓದೋದು ಹೇಗೆ ಅಂತ ಬರೀತೀನಿ, ನಿಮಗೂ ಕೆಲಸಕ್ಕೆ ಬರುತ್ತೆ. ಮೊದಲು ದರೆಯ ಮೇಲಿನ ಪುಡಿಮಣ್ಣನ್ನು ಒಂದು ಗೇಣಾದರೂ ಕೆರೆದು ತೆಗೀಬೇಕು. ಇಲ್ಲದಿದ್ದರೆ ಮೇಲಿಂದ ಇಳಿದು ಮೆತ್ತಿಕೊಂಡ ಕೆಸರನ್ನೇ ಪದರ ಅಂದುಕೊಳ್ತೀವಿ. ಹಸಿರು ಛಾಯೆಯ ನುಣ್ಣನೆ ಜೇಡಿ ಸಿಕ್ಕರೆ ಅಲ್ಲಿ ನೀರು ಆಳವಾಗಿ ನಿಂತಿತ್ತು, ತಳಕ್ಕೆ ಗಾಳಿ ತಾಕಿರಲಿಲ್ಲ. ಕಂದು ಮಣ್ಣು, ಬೇರಿನ ತೂತು, ಒಣಬಿರುಕು ಕಂಡರೆ ನೀರು ಹಿಂದೆ ಸರಿದಿತ್ತು. ಉಪ್ಪು, ಜಿಪ್ಸಮ್ ಇದ್ದರೆ ಬತ್ತಿತ್ತು. ಡೆತ್ ವ್ಯಾಲಿಯಲ್ಲಿ 1993ರಲ್ಲಿ ಕೊರೆದು ತೆಗೆದ 186 ಮೀಟರ್ ಮಣ್ಣಿನಲ್ಲಿ ಹೀಗೆ ಸುಮಾರು 2 ಲಕ್ಷ ವರ್ಷದ ಮಳೆ-ಬರದ ಲೆಕ್ಕ ಇದೆ. ಒಂದು ಮೋಸ ಮಾತ್ರ ಉಂಟು: ಮತ್ತೆ ನೀರು ತುಂಬಿದಾಗ ಹಳೆಯ ಉಪ್ಪು ಕರಗುತ್ತೆ, ಒಂದಿಡೀ ಬರಗಾಲವೇ ಲೆಕ್ಕದಿಂದ ಬಿಟ್ಟುಹೋಗುತ್ತೆ.

ಪದರದ ವಯಸ್ಸು ತಿಳಿಯೋಕೆ ಜ್ವಾಲಾಮುಖಿ ಬೂದಿಯೇ ಗತಿ. ಕಾರ್ಬನ್ ಪರೀಕ್ಷೆ ಸುಮಾರು 50,000 ವರ್ಷಕ್ಕೆ ಮುಗೀತು. ಅದರೊಳಗೂ, ಸುಣ್ಣಕಲ್ಲಿನ ನೀರು ಕುಡಿದ ಚಿಪ್ಪು ತನ್ನ ವಯಸ್ಸನ್ನು ಹೆಚ್ಚಾಗಿ ತೋರಿಸುತ್ತೆ. ಇಲ್ಲಿಯ ಗುಡ್ಡಗಳಲ್ಲಿ 7,65,000 ವರ್ಷ ಹಿಂದಿನ, ಬಿಷಪ್ ಅಂತ ಹೆಸರಿಟ್ಟ ಜ್ವಾಲಾಮುಖಿ ಬೂದಿ ಇದೆ, ಮೈದಾಹಿಟ್ಟಿನ ಹಾಗೆ. ಮರಳಿನ ಕಾಳು ಬೆರೆತಿದ್ದರೆ ಮುಟ್ಟಬಾರದು, ಅದು ಎಷ್ಟೋ ಕಾಲ ಆದ ಮೇಲೆ ಗುಡ್ಡದಿಂದ ತೊಳೆದು ಬಂದದ್ದು. ಪದರದ ಬುಡದಿಂದ, ಶುದ್ಧ ಇರೋ ಕಡೆಯಿಂದಲೇ ಸ್ಯಾಂಪಲ್ ತೆಗೀಬೇಕು.

ಇನ್ನು ನೆಲ ಜರುಗಿದ್ದು. ಕೆರೆಯ ತಳ ಅಂದರೆ ಮೇಸ್ತ್ರಿಯ ರಸಮಟ್ಟ ಇದ್ದ ಹಾಗೆ, ಹೂಳು ಹೆಚ್ಚುಕಮ್ಮಿ ಮಟ್ಟಸವಾಗಿಯೇ ಕೂರುತ್ತೆ. ಆಮೇಲೆ ಓರೆಯಾಗಿದ್ದರೆ, ತುಂಡಾಗಿದ್ದರೆ, ಸ್ತರಭಂಗವನ್ನು, ಅಂದರೆ ನೆಲ ಸೀಳಿ ಜರುಗಿದ ಬಿರುಕನ್ನು, ಹುಡುಕಬೇಕು. ಅದರ ಎರಡೂ ಬದಿಗೆ ಅದೇ ಬೂದಿ 76.5 ಮೀಟರ್ ಮೇಲೆ-ಕೆಳಗೆ ಸಿಕ್ಕಿತು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ, ವಯಸ್ಸಿನಿಂದ ಭಾಗಿಸಿದರೆ ವರ್ಷಕ್ಕೆ 0.1 ಮಿ.ಮೀ. ಬಿರುಕು ಯಾವ ಪದರದ ಕೆಳಗೆ ನಿಂತುಹೋಗಿದೆಯೋ, ಆ ಪದರ ಕೂರೋಕೆ ಮುಂಚೆ ನೆಲ ಕೊನೆಯ ಸಲ ಹರಿದಿದೆ. ಆದರೆ ಹಸಿ ಜೇಡಿ ತನ್ನ ಭಾರಕ್ಕೆ ತಾನೇ ಜಾರಿ ಸೀಳಿದ್ದೂ ಹೀಗೇ ಕಾಣುತ್ತೆ. ಕೆಳಗೆ ಅಗೆದು ನೋಡಿ, ನಾಲ್ಕಡಿಗೆ ಮಾಯವಾದರೆ ಅದು ಭೂಕಂಪದ ಗುರುತಲ್ಲ. ನೆಲ ಅಡ್ಡಕ್ಕೆ ಜರುಗಿದ್ದರಂತೂ ಮಟ್ಟಸ ಪದರದಲ್ಲಿ ಏನೂ ತಿಳಿಯಲ್ಲ, ಹಳೇ ಹಳ್ಳವೋ ದಡವೋ ತುಂಡಾಗಿದೆಯಾ ನೋಡಬೇಕು.

ಈಗ ಸೈಟಿನ ವಿಚಾರ. ಮೂರು ಮೂಲೆಯಲ್ಲಿ ಜೆಸಿಬಿಯಿಂದ ಎಂಟೆಂಟು ಅಡಿ ತೋಡಿಸಿ. ಗಿರಿ ಮಾವನನ್ನು ಒಳಗೆ ಇಳಿಯೋಕೆ ಬಿಡಬೇಡಿ, ಗೋಡೆ ಕುಸಿಯುತ್ತೆ. ಕೆಂಪುಮಣ್ಣು, ಅದರ ಕೆಳಗೆ ಗರಸು ಬಂದರೆ ಸಂತೋಷ. ಮೇಲೆ ಇಟ್ಟಿಗೆ ಚೂರು, ಪ್ಲಾಸ್ಟಿಕ್, ಕೆಳಗೆ ಬೂದು-ಕಪ್ಪು ಅಂಟುಮಣ್ಣು, ಬಸವನಹುಳದ ಚಿಪ್ಪು, ಕೊಳೆತ ವಾಸನೆ ಬಂದರೆ ಅದು ಕೆರೆಗೋಡು. ನೆನೆದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ, ಕಿಟಕಿಯ ಮೂಲೆಯಿಂದ ಗೋಡೆ ಓರೆಯಾಗಿ ಬಿರಿಯುತ್ತೆ. ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ದಾಖಲೆ) ತೆಗೆಸಿ, ಸರ್ವೆ ನಂಬರಿನ ಮುಂದೆ ಕೆರೆ ಅಂಗಳ, ಬಿ-ಖರಾಬು (ಸಾರ್ವಜನಿಕರಿಗೆ ಬಿಟ್ಟ ಸರ್ಕಾರಿ ಜಾಗ), ರಾಜಕಾಲುವೆ ಅಂತ ಏನಾದರೂ ಇದೆಯಾ ನೋಡಿ. ಇದ್ದರೆ ಗುಂಡಿಯೂ ಬೇಡ, ವಾಪಸ್ ಬನ್ನಿ.

ಅಮ್ಮನಿಗೆ ಹೇಳಿ, ಡೆತ್ ವ್ಯಾಲಿಯಲ್ಲಿ 56.7 ಡಿಗ್ರಿ ಬಿಸಿಲು ಬಂದಿದ್ದು 1913ರ ಜುಲೈನಲ್ಲಿ. ಈಗ ರಾತ್ರಿ ಸ್ವೆಟರ್ ಬೇಕು. ಭೂಕಂಪದ ಭಯ ಬೇಡ, ನೀರು ಕುಡೀತಿದ್ದೀನಿ, ಟೋಪಿ ಹಾಕ್ತೀನಿ, ಅನ್ನ-ಸಾರು ದಿನಾ ಆಗ್ತಿದೆ, ನಿಜವಾಗಲೂ. ಭೂಕಂಪಕ್ಕಾದರೂ ಲಾಲ್‌ಬಾಗ್ ಬಂಡೆಯಂಥ ನೆಲಕ್ಕಿಂತ ಕೆರೆಗೋಡೇ ಜಾಸ್ತಿ ಅಲ್ಲಾಡೋದು. 1985ರಲ್ಲಿ 350 ಕಿ.ಮೀ. ಆಚೆಯ ಭೂಕಂಪಕ್ಕೆ ಮೆಕ್ಸಿಕೋ ನಗರ ಕುಸಿದದ್ದು ಹಳೇ ಕೆರೆಯ ಮೇಲೆ ಕಟ್ಟಿದ ಭಾಗದಲ್ಲೇ. ಇದನ್ನು ಅಮ್ಮನಿಗೆ ಓದಬೇಡಿ.

ಲೈಟ್ ಆರಿಸಬೇಕು, ಬೆಳಿಗ್ಗೆ ಐದಕ್ಕೆ ಗಾಡಿ. ಗುಂಡಿಯ ಫೋಟೋ ಕಳಿಸಿ, ಪಕ್ಕದಲ್ಲಿ ಟೇಪ್ ಇಟ್ಟು ತೆಗೀರಿ. ಅಲ್ಲಿವರೆಗೂ ಒಂದು ರೂಪಾಯಿನೂ ಕೊಡಬೇಡಿ.

ನಿಮ್ಮ
ಸುಮಾ