ಪ, ಬ, ಮ ವಾಪಸ್ ಬಂದವು

ದಾವಣಗೆರೆಯ ಎಲ್ಲರಿಗೂ ನಮಸ್ಕಾರ. ದುರ್ಗದವರಿಗೂ.

ಕಳೆದ ಸೋಮವಾರ ಬೆಂಗಳೂರಿನ ಒಂದು ಶೂಟಿಂಗ್ ಮನೆಯಲ್ಲಿ ಕ್ಯಾಮೆರಾ ಮುಂದೆ ನಿಂತು, "ಬಾಮ್ಮ ಮಗಳೇ, ಅಪ್ಪನ ಮೇಲೆ ಕೋಪಾನಾ?" ಅಂದೆ. ಒಂದೇ ಟೇಕ್. ಸೆಟ್ಟಿನಲ್ಲಿ ಯಾರಿಗೂ ಅದೇನು ದೊಡ್ಡ ವಿಷಯ ಅಲ್ಲ. ಅಪ್ಪನ ಪಾತ್ರ ಮಾಡುವವನು ದಿನಕ್ಕೆ ಹತ್ತು ಸಲ ಹೇಳುವ ಮಾತು. ಆದರೆ ಆ ಒಂದು ಸಾಲಿನಲ್ಲಿ ಎಷ್ಟು ಪ, ಎಷ್ಟು ಬ, ಎಷ್ಟು ಮ ಇವೆ, ಎಣಿಸಿ ನೋಡಿ. ಏಳು ತಿಂಗಳ ಹಿಂದೆ ಅವುಗಳಲ್ಲಿ ಒಂದೂ ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಅವು ಹೇಗೆ ವಾಪಸ್ ಬಂದವು, ಯಾರು ಯಾರು ತಂದುಕೊಟ್ಟರು ಅಂತ ಹೇಳದೆ ಸುಮ್ಮನಿದ್ದರೆ ಸರಿ ಹೋಗಲ್ಲ.

ನನ್ನ ಹೆಸರು ಗೊತ್ತಿರುವವರು ಕಡಿಮೆ. ಮುಖ ನೋಡಿದರೆ "ಇವರನ್ನ ಎಲ್ಲೋ ನೋಡಿದೀವಲ್ಲ" ಅನ್ನುತ್ತೀರಿ. ಬ್ಯಾಂಕಿನವರು ಅಂದುಕೊಂಡು ಬೆಳೆ ಸಾಲದ ಬಗ್ಗೆ ವಿಚಾರಿಸಿದವರೂ ಇದ್ದಾರೆ. ಪೋಷಕ ನಟನ ಬದುಕೇ ಹಾಗೆ. ಕಾನ್ಸ್‌ಟೇಬಲ್, ಪೋಸ್ಟ್‌ಮ್ಯಾನ್, ಹೆಡ್ ಕ್ಲರ್ಕ್, ಹುಡುಗಿ ಕಡೆಯ ಸೋದರಮಾವ. ಕೂದಲು ಬೆಳ್ಳಗಾದ ಮೇಲೆ ಅಪ್ಪ, ಅಪ್ಪ, ಅಪ್ಪ. 1991ರಲ್ಲಿ ಒಂದು ಸೂಟ್‌ಕೇಸ್ ಹಿಡಿದುಕೊಂಡು ಗಾಂಧಿನಗರಕ್ಕೆ ಹೋದೆ. ಸಿಕ್ಕ ಮೊದಲ ಡೈಲಾಗ್ "ಸಾರ್, ಬಾಡಿ ಸಿಕ್ಕಿದೆ." ಅಷ್ಟೇ. ಅದರಲ್ಲೂ ಒಂದು ಬ ಇದೆ ನೋಡಿ! 1994ರಲ್ಲಿ ಉದಯ ಟಿವಿ ಬಂತು, ಆಮೇಲೆ ಉಳಿದ ಚಾನೆಲ್‌ಗಳು, ಸೀರಿಯಲ್‌ಗಳು. ನಮ್ಮಂಥವರ ಮನೆಯ ಒಲೆ ನಿಲ್ಲದೆ ಉರಿದದ್ದು ಅದರಿಂದ.

ಆಸೆ ಹತ್ತಿದ್ದು ಮಾತ್ರ ಇಲ್ಲೇ. ಅಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಮಿಲ್ಲಿನ ಕೂಗು ಕೇಳಿ ಗಡಿಯಾರ ಸರಿಮಾಡುತ್ತಿದ್ದೆವು. ಇದು ರಂಗನಟಿ ಚಿಂದೋಡಿ ಲೀಲಾ ಅವರ ಊರು. ಕಂಪನಿ ನಾಟಕದ ಟೆಂಟು ಎದ್ದರೆ ಸಾಕು, ನೆಲದ ಟಿಕೆಟ್ಟಿಗೆ ಅಮ್ಮನ ಹತ್ತಿರ ಅಳು ಶುರು. ಅಮ್ಮನ ತವರು ಚಿತ್ರದುರ್ಗ. ರಜೆಗೆ ಹೋದಾಗ ಮಾವ ಕೋಟೆ ಹತ್ತಿಸಿ, ಓಬವ್ವನ ಕಿಂಡಿ ತೋರಿಸಿ, ಆಮೇಲೆ ಅದಕ್ಕಿಂತ ಜಾಸ್ತಿ ಹೆಮ್ಮೆಯಿಂದ 'ನಾಗರಹಾವು' ಶೂಟಿಂಗ್ ನಡೆದ ಬಂಡೆಗಳನ್ನು ತೋರಿಸುತ್ತಿದ್ದರು. ಆ ಸಿನಿಮಾ 1972ರದ್ದು. ನನಗಾಗ ಆರು ವರ್ಷ. ನನ್ನ ವಾರಿಗೆಯ ಹುಡುಗರೆಲ್ಲ ರಾಮಾಚಾರಿ ಥರ ನಡೆದರೆ, ನಾನು ಟವೆಲ್ ಹೆಗಲಿಗೆ ಹಾಕಿಕೊಂಡು ಚಾಮಯ್ಯ ಮೇಷ್ಟ್ರು ಆಗುತ್ತಿದ್ದೆ. ಕೆ.ಎಸ್. ಅಶ್ವತ್ಥ್ ಕಣ್ಣಲ್ಲೇ ಅರ್ಧ ಮಾತು ಮುಗಿಸುತ್ತಿದ್ದರು. ನಮ್ಮ ರಾಜ್ಯದ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ಅವರ ಹೆಸರಿನಲ್ಲೇ ಇದೆ. ನನಗೆ ಬಂದಿಲ್ಲ. ಬರುವ ವಯಸ್ಸು ಮೀರಿಲ್ಲ ಅಂತ ಹೆಂಡತಿ ಹೇಳುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ.

ಅವತ್ತು ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗೇ ಸುರಿದು ಬನಿಯನ್ ಒದ್ದೆಯಾಯಿತು. ಕನ್ನಡಿ ನೋಡಿದರೆ ಬಲಗಡೆ ಮುಖ ನನ್ನದು, ಎಡಗಡೆಯದು ಯಾರದ್ದೋ. ತುಟಿ ಜೋತಿತ್ತು. ಕಣ್ಣು ಮುಚ್ಚಿದರೆ ಮುಚ್ಚುತ್ತಿಲ್ಲ. ಹೆಂಡತಿಯನ್ನು ಕರೆಯೋಣ ಅಂದರೆ ಅವಳ ಹೆಸರೂ ಮ ಇಂದಲೇ ಶುರುವಾಗುವುದು. ಎರಡು ತುಟಿ ಕೂಡದೆ ಪ, ಬ, ಮ ಹುಟ್ಟುವುದಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೈಕಾಲು ಎತ್ತಿಸಿದರು. ಆಮೇಲೆ "ಹುಬ್ಬು ಮೇಲೆತ್ತಿ, ಹಣೆ ಸುಕ್ಕು ಮಾಡಿ" ಅಂದರು. ಬಲಗಡೆ ಗೆರೆ ಮೂಡಿತು, ಎಡಗಡೆ ಹಣೆ ಇಸ್ತ್ರಿ ಹಾಕಿದ ಹಾಗೆ ಇತ್ತು. ಅದನ್ನು ನೋಡಿ ಅವರ ಮುಖ ಸಡಿಲವಾಯಿತು, ನಮಗೆ ಯಾಕೆ ಅಂತ ತಿಳಿಯಲಿಲ್ಲ. ಮೆದುಳಿನ ಲಕ್ವ ಆದರೆ ಸಾಮಾನ್ಯವಾಗಿ ಹಣೆ ಆಡುತ್ತದಂತೆ. ನನ್ನದು ಮುಖದ ನರದ ಊತ, ಬೆಲ್ಸ್ ಪಾಲ್ಸಿ. ಮೂರು ದಿನದೊಳಗೆ ಸ್ಟೆರಾಯ್ಡ್ ಮಾತ್ರೆ ಶುರುವಾದರೆ ಒಳ್ಳೆಯದು, ಹೆಚ್ಚಿನವರಿಗೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸರಿ ಹೋಗುತ್ತದೆ ಅಂದರು. ನಾನು ನಿಧಾನದ ಗುಂಪಿಗೆ ಸೇರಿದೆ. (ಇದನ್ನು ಓದಿ ಯಾರೂ ಮನೆಯಲ್ಲೇ ಹಣೆ ನೋಡಿಕೊಂಡು ತೀರ್ಮಾನ ಮಾಡಬೇಡಿ. ಮುಖ ಸೊಟ್ಟ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ.)

ಹಗಲಿಗೆ ಕಣ್ಣಿನ ಡ್ರಾಪ್ಸ್, ರಾತ್ರಿಗೆ ಮುಲಾಮು ಹಚ್ಚಿ ರೆಪ್ಪೆಗೆ ಟೇಪ್. ಮುಚ್ಚದ ಕಣ್ಣು ಒಣಗಿ ಹಾಳಾಗಬಾರದಲ್ಲ. ಅಳುವ ಅಪ್ಪ ಅಂತಲೇ ಹೆಸರಾದವನು ನಾನು. ಈಗ ಎಡಗಣ್ಣಲ್ಲಿ ಸುಮ್ನೆ ನೀರು ಸುರಿಯೋದು, ಗ್ಲಿಸರಿನ್ ಖರ್ಚೇ ಇಲ್ಲ.

ಸೀರಿಯಲ್‌ನವರು ಒಂದು ವಾರ ಕಾದರು. ಅವರನ್ನು ಬಯ್ಯಲಾರೆ. ಕೈಯಲ್ಲಿ ನಾಲ್ಕು ದಿನದ ಎಪಿಸೋಡ್ ಇದ್ದರೆ ಅದೇ ದೊಡ್ಡದು ಅಲ್ಲಿ. ನಮಗೋ ಕೆಲಸ ಮಾಡಿದ ದಿನಕ್ಕೆ ಮಾತ್ರ ದುಡ್ಡು. ನನ್ನ ಪಾತ್ರವನ್ನು ಮೊದಲು ಕಾಶಿಯಾತ್ರೆಗೆ ಕಳಿಸಿದರು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ನಾನು ದಾವಣಗೆರೆಯ ಅಕ್ಕನ ಮನೆಗೆ ಬಂದಿದ್ದೆ. ವಿಶ್ರಾಂತಿಗೆ ಅಂತ ಎಲ್ಲರಿಗೂ ಹೇಳಿದ್ದು. ನಿಜ ಹೇಳಬೇಕೆಂದರೆ ಅಡಗಿಕೊಳ್ಳೋಕೆ. ಗಾಂಧಿನಗರದಲ್ಲಿ "ಅವನ ಮುಖ ಹೋಯ್ತಂತೆ" ಅನ್ನೋ ಸುದ್ದಿ ಒಮ್ಮೆ ಹಬ್ಬಿದರೆ ಮುಖ ಬಂದಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಕೊರೊನಾ ಕಾಲದ ಮಾಸ್ಕ್ ಹುಡುಕಿ ಹಾಕಿಕೊಂಡು ರಾತ್ರಿ ಬಸ್ಸಿಳಿದೆ. ಆಟೋದಲ್ಲಿ ಕೂತು "ಪಿ.ಜೆ. ಬಡಾವಣೆ" ಅನ್ನಬೇಕು. "ಹಿಜೆ ವಡಾವಣೆ" ಅಂದೆ. ಡ್ರೈವರ್ ಹಿಂದೆ ತಿರುಗಿ, "ಏನ್ ಸಾರ್, ಈ ಸಲ ಮೂಕನ ಪಾರ್ಟಾ?" ಅಂದರು. ಮಾಸ್ಕು, ಕತ್ತಲು, ಕೆಟ್ಟ ಉಚ್ಚಾರ, ಅಷ್ಟಿದ್ದರೂ ಗುರುತು ಹಿಡಿದಿದ್ದರು. ನಾನು ಮಾಸ್ಕ್ ಇಳಿಸಿ ತೋರಿಸಿದೆ. ಅಯ್ಯೋ ಪಾಪ ಅನ್ನಲಿಲ್ಲ. "ನಮ್ಮ ಮಾವಂಗೂ ಆಗಿತ್ರಿ, ಹೋಗುತ್ತೆ ಬಿಡ್ರಿ" ಅಂತ ಗೇರ್ ಹಾಕಿದರು. ಆಮೇಲೆ ಆಸ್ಪತ್ರೆಗೆ, ಫಿಜಿಯೋಥೆರಪಿಗೆ ಎಲ್ಲ ಅವರದೇ ಆಟೋ. ದುಡ್ಡು ಕೊಡೋಕೆ ಹೋದರೆ "ಸಿನಿಮಾದಾಗ ಒಂದು ಶಾಟ್ ಕೊಡಿಸ್ರಿ, ಸರಿ ಹೋಗ್ತದೆ" ಅಂತಿದ್ದರು. ಎಷ್ಟು ಟ್ರಿಪ್ ಆಯಿತು ಅಂತ ಅಕ್ಕನ ಕ್ಯಾಲೆಂಡರಿನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಸಾಲ ಸಾಲವೇ.

ಫಿಜಿಯೋ ಮಾಡಿದ ಹುಡುಗಿಗೆ ನನ್ನ ಮಗಳ ವಯಸ್ಸು. ಕನ್ನಡಿ ಮುಂದೆ ಕೂರಿಸಿ ನಗಿ ಅಂದಳು. ನಾನು ಇದ್ದ ಬಲವೆಲ್ಲ ಹಾಕಿ ಬಾಯಿ ಎಳೆದೆ. "ಸರ್, ಓವರ್ ಆಕ್ಟಿಂಗ್ ಬೇಡ. ಸ್ವಲ್ಪ, ನಿಧಾನಕ್ಕೆ. ಜೋರು ಮಾಡಿದರೆ ನರ ತಪ್ಪು ದಾರಿ ಕಲಿಯುತ್ತೆ" ಅಂದಳು. ಇಷ್ಟು ವರ್ಷದಲ್ಲಿ ಎಷ್ಟೋ ಡೈರೆಕ್ಟರುಗಳು ಅದನ್ನೇ ಹೇಳಿದ್ದರು, ಕೇಳಿರಲಿಲ್ಲ. ಅವಳ ಮಾತು ಕೇಳಿದೆ. ದಿನಾ ಹತ್ತು ನಿಮಿಷ, ಮೂರು ಸಲ, ಒಂದು ಕೂದಲೆಳೆಯಷ್ಟು ನಗು.

ಇನ್ನು ಪಾರಿವಾಳದ ಕಥೆ. ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚಬೇಕು ಅಂತ ನಂಬುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅಪ್ಪನ ಜೊತೆ ಮಿಲ್ಲಿನಲ್ಲಿದ್ದ ಹಿರಿಯರೊಬ್ಬರು ಬುಟ್ಟಿಯಲ್ಲಿ ಜೀವಂತ ಪಾರಿವಾಳ ಹಿಡಿದುಕೊಂಡೇ ಬಂದರು. ಪ್ರೀತಿಯಿಂದ ತಂದಿದ್ದು, ಬೇಡ ಅನ್ನೋಕೆ ಬಾಯಿಲ್ಲ. ಅಕ್ಷರಶಃ ಬಾಯಿಲ್ಲ, "ವೇಡ, ವೇಡ" ಅಂದರೆ ಅವರಿಗೆ ಅರ್ಥವಾಗಲಿಲ್ಲ. ಅಕ್ಕ ಕಾಫಿ ಕೊಟ್ಟು ಕಳಿಸಿ, ಮಾಳಿಗೆ ಮೇಲೆ ಹೋಗಿ ಬುಟ್ಟಿ ತೆರೆದಳು. ಅದು ಹಾರಿ ಹೋಗಲಿಲ್ಲ. ಇವತ್ತಿಗೂ ನೀರಿನ ಟ್ಯಾಂಕಿನ ಮೇಲೆ ಕೂತಿರುತ್ತದೆ. ಹಿರಿಯರೇ, ಈ ವಿಷಯ ನಿಮಗೆ ಇಲ್ಲಿಯವರೆಗೆ ಹೇಳಿರಲಿಲ್ಲ, ಕ್ಷಮಿಸಿ.

ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತ ಹುಡುಗನೊಬ್ಬ ಹೊಸದುರ್ಗದ ಕಡೆಯಿಂದ ಬರುತ್ತಿದ್ದ. ಅಲ್ಲಿನ ಶಿವಸಂಚಾರ ತಂಡ 1997ರಿಂದ ಊರೂರು ತಿರುಗಿ ನಾಟಕ ಆಡುತ್ತಿದೆ, ಬಯಲಿನಲ್ಲಿ ಕೊನೆಯ ಸಾಲಿಗೆ ಕೇಳುವ ಹಾಗೆ ಮಾತಾಡೋದು ಅವರಿಗೆ ಗೊತ್ತು. ಅವನು ನನಗೆ ಹಿಡಿಸಿದ ಪಾಠ ಬಸವಣ್ಣನವರ 'ಕಳಬೇಡ ಕೊಲಬೇಡ'. "ಸರ್, ಇದರಲ್ಲಿ ಏಳು ಬೇಡ ಇದೆ. ಬ ಪ್ರಾಕ್ಟೀಸಿಗೆ ಇದಕ್ಕಿಂತ ಬೇರೆ ಬೇಕಾ?" ಎರಡು ತಿಂಗಳು "ಕಳವೇಡ, ಕೊಲವೇಡ" ಅಂತ ಮಾಳಿಗೆ ಮೇಲೆ ಕೂತು ಹೇಳಿದ್ದೇ ಹೇಳಿದ್ದು. ಪಾರಿವಾಳ ಒಂದೇ ಪ್ರೇಕ್ಷಕ. "ತನ್ನ ಬಣ್ಣಿಸಬೇಡ" ಅನ್ನುವಲ್ಲಿಗೆ ಬಂದಾಗ ಇಬ್ಬರಿಗೂ ನಗು. ಮುಖಕ್ಕೆ ಬಣ್ಣ ಹಚ್ಚಿ ಬದುಕುವವನಿಗೆ ಎರಡೂ ಕಡೆಯಿಂದ ಹೊಡೆತ.

ಅದರ ಮಧ್ಯೆಯೇ ನಾನು ಸತ್ತೆ. ಸೀರಿಯಲ್ಲಿನಲ್ಲಿ. ಕಾಶಿಯಿಂದ ಫೋನ್ ಬಂತು, ಮಾರನೇ ದಿನ ಗೋಡೆಯ ಮೇಲೆ ನನ್ನ ಫೋಟೋ, ಹಾರ, ದೀಪ. ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಅಕ್ಕನ ಮನೆ ಪಡಸಾಲೆಯಲ್ಲಿ ಬೀದಿಯ ಆರೇಳು ಹೆಂಗಸರ ಜೊತೆ ಕೂತು ನೋಡುತ್ತಿದ್ದೆ. ಒಂದು ನಿಮಿಷ ಯಾರೂ ಉಸಿರಾಡಲಿಲ್ಲ. ಅಕ್ಕ ಎದ್ದು ಟಿವಿ ಆರಿಸಿ, ಒಳಗೆ ಹೋಗಿ ಉಪ್ಪು ಮೆಣಸಿನಕಾಯಿ ತಂದು ನನಗೆ ದೃಷ್ಟಿ ತೆಗೆದಳು. ಎದುರು ಮನೆ ಅಜ್ಜಿ ಮಾತ್ರ "ಫೋಟೋದಾಗ ಚೆಂದ ಕಾಣ್ತೀಯಪ್ಪ" ಅಂದರು. ಆ ಫೋಟೋ ಎರಡು ವರ್ಷ ಹಳೆಯದು, ಎರಡೂ ಕಡೆ ನಗುತ್ತಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಅದನ್ನು ಮುಚ್ಚಿಡಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಅದೇ ಹೆಂಗಸರು ಒಬ್ಬೊಬ್ಬರೂ ಒಂದೊಂದು ಡಬ್ಬಿ ಹಿಡಿದು ನಿಂತಿದ್ದರು. ಕೋಸಂಬರಿ, ಪಾಯಸ, ರೊಟ್ಟಿ, ಎಣ್ಣೆಗಾಯಿ. "ತಿಥಿ ಊಟ ಅಲ್ರಪ್ಪ, ಹುಟ್ಟಿದ ಹಬ್ಬದ್ದು ಅನ್ಕೊಳ್ರಿ" ಅಂದರು ಅಜ್ಜಿ.

ಎಲ್ಲರಿಗಿಂತ ಜಾಸ್ತಿ ಹೇಳಬೇಕಾದ್ದು ನಮ್ಮ ಕ್ಷೌರದ ಅಂಗಡಿಯವರ ಬಗ್ಗೆ. ನನ್ನ ಮೊದಲ ಮೀಸೆ ತೆಗೆದವರ ಮಗ ಅವರು. ಶೇವಿಂಗ್ ಮಾಡುವಾಗ ನಾವು ಕೆನ್ನೆ ಉಬ್ಬಿಸುತ್ತೇವಲ್ಲ, ಅದು ನನ್ನ ಕೈಲಿ ಆಗುತ್ತಿರಲಿಲ್ಲ. ಗಾಳಿ ತುಂಬಿದರೆ ಎಡತುಟಿಯ ಸಂದಿಯಿಂದ ಪುಸ್ ಅಂತ ಹೋಗಿಬಿಡುತ್ತಿತ್ತು. ಅವರು ಎಡಗೈ ಹೆಬ್ಬೆರಳಿನಿಂದ ಕೆನ್ನೆ ಎಳೆದು ಹಿಡಿದು, ಬ್ಲೇಡ್ ಹಗುರಾಗಿ ಆಡಿಸುತ್ತಿದ್ದರು. ಆದರೂ ಪ್ರತಿ ಸಲ, ರೂಢಿಯೋ ಹಟವೋ, "ಗಾಳಿ ತುಂಬ್ರಿ ಸಾರ್" ಅನ್ನುತ್ತಿದ್ದರು. ಪುಸ್. "ಇರ್ಲಿ ಬಿಡ್ರಿ." ಮುಂದಿನ ವಾರ ಮತ್ತೆ "ಗಾಳಿ ತುಂಬ್ರಿ." ಪುಸ್. ನನಗೆ ಸಿಟ್ಟೂ ಬರುತ್ತಿತ್ತು.

ನಾಲ್ಕನೇ ತಿಂಗಳು, ಒಂದು ಭಾನುವಾರ. ನೊರೆ ಹಚ್ಚಿದರು, "ಗಾಳಿ ತುಂಬ್ರಿ" ಅಂದರು. ನಾನು ತುಂಬಿದೆ, ಪುಸ್ ಅನ್ನೋದಕ್ಕೆ ಕಾದೆ. ಅನ್ನಲಿಲ್ಲ. ಅವರ ಕೈ ಗಾಳಿಯಲ್ಲೇ ನಿಂತಿತು. "ಸಾರ್, ಬಿಡಬ್ಯಾಡ್ರಿ, ಹಿಡ್ಕಳ್ರಿ" ಅಂತ ಪಿಸುಗುಟ್ಟಿದರು, ಜೋರಾಗಿ ಮಾತಾಡಿದರೆ ಗಾಳಿ ಓಡಿಹೋಗುತ್ತೇನೋ ಅನ್ನೋ ಹಾಗೆ. ಒಂದು, ಎರಡು, ಮೂರು, ನಾಲ್ಕು. ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದವರು ಪೇಪರ್ ಮಡಚಿ ಎದ್ದು ಬಂದರು. ಐದಕ್ಕೆ ಹೋಯಿತು, ಅವರ ಅಂಗಿ ತುಂಬಾ ನೊರೆ. ಆಮೇಲೆ ಕನ್ನಡಿಯಲ್ಲಿ ನೋಡಿಕೊಂಡು ನಾನು ಮೆಲ್ಲಗೆ ಒಂದು ಮಾತು ಹೇಳಿದೆ. "ಅಪ್ಪ." ಸರಿಯಾಗಿ ಬಂತು. ಇನ್ನೊಂದು ಸಲ ಹೇಳಿದೆ. ಅವರು ಅರ್ಧ ಉಳಿದಿದ್ದ ಶೇವಿಂಗ್ ಬಿಟ್ಟು ಟೀ ತರಿಸೋಕೆ ಹೋದರು. ನಾನು ಒಂದು ಕೆನ್ನೆ ಬಿಳೀ ನೊರೆ ಹೊತ್ತುಕೊಂಡು ಅಲ್ಲೇ ಕೂತಿದ್ದೆ.

ಪೂರ್ತಿ ಸರಿ ಹೋಗಿಲ್ಲ. ನಕ್ಕರೆ ಎಡಗಣ್ಣು ಸಣ್ಣಗೆ ಮುಚ್ಚಿಕೊಳ್ಳುತ್ತದೆ, ನರಕ್ಕೆ ಒಂದು ದಾರಿ ತಪ್ಪಿದೆ. ಸೋಮವಾರ ಕ್ಯಾಮೆರಾಮನ್ "ಬಲಗಡೆಯಿಂದ ತಗೊಳ್ಳಾ ಸರ್?" ಅಂತ ಮೆಲ್ಲಗೆ ಕೇಳಿದರು. ಡೈರೆಕ್ಟರ್ ಹುಡುಗ ಮಾನಿಟರ್ ನೋಡಿ, "ಬೇಡ, ನೇರ ಕ್ಲೋಸ್ ಇಡಿ. ರಿಟೈರ್ಡ್ ಕಂಡಕ್ಟರ್ ಪಾತ್ರ, ಈ ಕಣ್ಣು ಚೆನ್ನಾಗಿದೆ" ಅಂದ. ಅವನಿಗೂ ಥ್ಯಾಂಕ್ಸ್. ಹತ್ತು ನಿಮಿಷ ಜಾಸ್ತಿ ಕೂತು ಮುಖದ ಎರಡೂ ಕಡೆ ಹೊಂದಿಸಿದ ಮೇಕಪ್ ಅಣ್ಣನಿಗೆ, ಪ್ರಾಂಪ್ಟ್ ಮಾಡುವಾಗ ಪ, ಬ, ಮ ಇದ್ದ ಕಡೆ ಒಂದು ಕ್ಷಣ ನಿಲ್ಲಿಸಿ ಕೊಟ್ಟ ಅಸಿಸ್ಟೆಂಟ್ ಹುಡುಗಿಗೆ, ಏಳು ತಿಂಗಳು ತನ್ನೊಬ್ಬಳ ಸಂಬಳದಲ್ಲಿ ಮನೆ ನಡೆಸಿದ ನನ್ನ ಹೆಂಡತಿಗೆ. ಅವಳ ಹೆಸರು ಈಗ ಸರಿಯಾಗಿ ಕರೆಯುತ್ತೇನೆ. ಕಾರಣ ಇಲ್ಲದೆಯೂ ಕರೆಯುತ್ತೇನೆ, ಬಯ್ಯುತ್ತಾಳೆ.

ದೋಸೆ ಹೋಟೆಲಿನವರನ್ನು ಮರೆತಿಲ್ಲ. ಮೊದಲ ತಿಂಗಳು ಅಲ್ಲಿ ಕೂತು "ಎಲ್ಡು ವೆಣ್ಣೆ" ಅಂದಾಗ ಸಪ್ಲೈಯರ್ ಹುಡುಗ ಒಂದು ಚೂರೂ ನಗದೆ ಒಳಗೆ ತಿರುಗಿ, "ಎರಡು ಬೆಣ್ಣೆ!" ಅಂತ ಕೂಗಿದ. ಆಮೇಲೆ ನಾನು ಬಾಗಿಲಲ್ಲಿ ಕಂಡರೆ ಸಾಕು, ಬಾಯಿ ಬಿಡುವ ಮೊದಲೇ ಆರ್ಡರ್ ಹೋಗುತ್ತಿತ್ತು. ಪಲ್ಯ ನುಣ್ಣಗೆ ಮಾಡಿ ಬಲಗಡೆಗೆ ಇಡುತ್ತಿದ್ದ.

ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಬರುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಕ್ಷೌರದ ಅಂಗಡಿಯ ಮೊದಲ ಕುರ್ಚಿ ನನ್ನದು, ಇಟ್ಟಿರಿ. ಅಲ್ಲಿಂದ ನೇರ ಹೋಟೆಲಿಗೆ. ಎರಡು ಬೆಣ್ಣೆ, ಒಂದು ಖಾಲಿ. ತಮ್ಮಾ, ಈ ಸಲ ನೀನು ಸುಮ್ಮನಿರು, ಒಳಗೆ ಕೇಳುವ ಹಾಗೆ ನಾನೇ ಕೂಗುತ್ತೇನೆ.