ಲೈಸೆನ್ಸ್ ಕೈಗೆ ಬಂದ ಮೇಲೆಯೇ ಪಂಚಾಂಗ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮನೆ ಕಟ್ಟಿಸುತ್ತಿರುವ, ಕಟ್ಟಿಸಬೇಕು ಅಂದುಕೊಂಡಿರುವ ಎಲ್ಲರಿಗೂ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇವೆ. ಬರುವ ಏಪ್ರಿಲ್ 1ರಿಂದ, ಗ್ರಾಮ ಪಂಚಾಯತ್‌ನ ಕಟ್ಟಡ ಲೈಸೆನ್ಸ್ ನಿಮ್ಮ ಕೈಗೆ ಬರುವವರೆಗೆ ನಾವು ಪಂಚಾಂಗಕ್ಕೆ, ಅಂದರೆ ಮನೆಯ ಅಡಿಪಾಯಕ್ಕೆ, ಮಣ್ಣು ತೆಗೆಯುವುದಿಲ್ಲ. ಕಂಟ್ರಾಕ್ಟಿನ ಅಡ್ವಾನ್ಸನ್ನೂ ಅಲ್ಲಿಯವರೆಗೆ ತೆಗೆದುಕೊಳ್ಳುವುದಿಲ್ಲ. ಇಷ್ಟು ದಿನ "ಲೈಸೆನ್ಸ್ ಸಮೇತ ಚದರ ಅಡಿಗೆ ಇಷ್ಟು" ಅಂತ ಒಂದೇ ರೇಟು ಹೇಳುತ್ತಿದ್ದೆವು. ಇನ್ನು ಕಾಗದದ ಕೆಲಸಕ್ಕೆ ಬೇರೆ ಲೆಕ್ಕ, ಕಟ್ಟುವ ಕೆಲಸಕ್ಕೆ ಬೇರೆ ಲೆಕ್ಕ. ಕಾಗದದ ಕೆಲಸ ನೀವೇ ಮಾಡಿಸಿಕೊಂಡು ಬಂದರೂ ನಮಗೆ ಸಂತೋಷವೇ.

ಯಾಕೆ ಅಂತ ಕೇಳುತ್ತೀರಿ, ಕೇಳಲೇಬೇಕು. ನಮ್ಮ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಮೊದಲು ಜೋಯಿಸರ ಹತ್ತಿರ ಮುಹೂರ್ತ ಕೇಳಿ, ಕೆಸರುಕಲ್ಲು (ಶಂಕುಸ್ಥಾಪನೆಯ ಕಲ್ಲು) ಹಾಕಿ, ಗೋಡೆ ಲಿಂಟಲ್ ಮಟ್ಟಕ್ಕೆ ಬಂದ ಮೇಲೆ "9/11 ಆಗಿದೆಯಾ?" (ಪಂಚಾಯತ್ ಕೊಡುವ ಜಾಗದ ದಾಖಲೆ) ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ರೂಢಿ. ಹೇಗೋ ನಡೆಯುತ್ತಿತ್ತು. ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪ್ರಕಾರ ಪಂಚಾಯತ್ ಅನುಮತಿ ಇಲ್ಲದೆ ಕಟ್ಟುವ ಹಾಗಿಲ್ಲ ಅನ್ನುವುದು 1993ರಿಂದಲೂ ಇದೆ, ಆದರೆ ಅದು ಯಾರಿಗೂ ದೊಡ್ಡ ತಲೆನೋವಾಗಿರಲಿಲ್ಲ. ತಲೆನೋವಾದದ್ದು 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ. ಕಟ್ಟಡ ಪ್ಲಾನ್ ಪ್ರಕಾರವೇ ಮುಗಿದಿದೆ ಅನ್ನುವ ಸರ್ಟಿಫಿಕೇಟ್ ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂತ ಕೋರ್ಟು ಹೇಳಿತು. ಆ ಕೇಸು ಉತ್ತರ ಪ್ರದೇಶದ ಮೀರತ್‌ನ ಅಂಗಡಿ ಕಟ್ಟಡದ್ದು. ಬಿಸಿ ಮಾತ್ರ ನಮ್ಮ ಅಡಿಕೆ ತೋಟದ ನಡುವಿನ ಮನೆಗೂ ತಟ್ಟಿತು. 2025ರಲ್ಲಿ ರಾಜ್ಯದಲ್ಲಿ ಈ ಸರ್ಟಿಫಿಕೇಟ್ ಇಲ್ಲದ ಹೊಸ ಕರೆಂಟ್ ಅರ್ಜಿಗಳು ನಿಂತವು. ಆಮೇಲೆ ಸಣ್ಣ ಮನೆಗಳಿಗೆ ಸಡಿಲಿಕೆ ಬಂತು, ನಿಜ. ಆದರೆ ಸಡಿಲಿಕೆಯನ್ನು ನಂಬಿ ಸ್ಲ್ಯಾಬ್ ಹಾಕುವ ಧೈರ್ಯ ನಮಗಿಲ್ಲ. ಸಾರಣೆ, ಪೇಂಟ್ ಎಲ್ಲ ಮುಗಿದ ಮನೆಯಲ್ಲಿ ಮೀಟರ್ ಇಲ್ಲ ಅಂದರೆ ಗೃಹಪ್ರವೇಶ ಮಾಡುವುದು ಹೇಗೆ ಹೇಳಿ?

ಇನ್ನೊಂದು ಕಾರಣ ರೇಟು. ಕಾಗದ ಆಗಲು ಎಷ್ಟು ತಿಂಗಳು ಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ಅಡ್ವಾನ್ಸ್ ತೆಗೆದುಕೊಂಡು ಕಾಯುತ್ತಾ ಕೂತರೆ ಇವತ್ತಿನ ರೇಟಿಗೆ ಮುಂದಿನ ವರ್ಷ ಕಟ್ಟಿಕೊಡಬೇಕಾಗುತ್ತದೆ. 2025ರಲ್ಲಿ ನಮ್ಮ ಜಿಲ್ಲೆಯಲ್ಲಿ ಕೆಂಪುಕಲ್ಲು, ಮರಳು ಸಿಗದೆ ಕೆಲಸಗಳು ನಿಂತದ್ದು, ಮೇಸ್ತ್ರಿಗಳು ಸುಮ್ನೆ ಮನೆಯಲ್ಲಿ ಕೂತದ್ದು ನಿಮಗೂ ಗೊತ್ತು. ಹಾಗಾಗಿ ಇನ್ನು ಲೈಸೆನ್ಸ್ ಬಂದ ವಾರದ ರೇಟಿಗೇ ಅಗ್ರಿಮೆಂಟು.

ಇನ್ನು ಕಾಗದದ ಕೆಲಸ ಅಂದರೆ ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಯಾಕೆಂದರೆ ಜಗಳ ಆಗುವುದೆಲ್ಲ ಇಲ್ಲಿಯೇ. ಲೈಸೆನ್ಸ್ ಕೊನೆಯ ಮೆಟ್ಟಿಲು. ಅದಕ್ಕೆ ಮೊದಲು ನಮೂನೆ 9 ಮತ್ತು 11ಎ ಬೇಕು, ಅಂದರೆ ನಾವೆಲ್ಲ ಹೇಳುವ 9/11, ಪಂಚಾಯತ್ ಆಸ್ತಿ ದಾಖಲೆಯ ಇ-ಸ್ವತ್ತು ತಂತ್ರಾಂಶದಿಂದ ಬಂದದ್ದು. ಅದು ಬೇಕಾದರೆ ಕೃಷಿ ಜಾಗ ಕನ್ವರ್ಷನ್ (ಕೃಷಿಯೇತರ ಉಪಯೋಗಕ್ಕೆ ಬದಲಾವಣೆ) ಆಗಿರಬೇಕು, ಆಮೇಲೆ ಏಕ ನಿವೇಶನ ನಕ್ಷೆಗೆ (ಒಂದೇ ಮನೆ ಜಾಗದ ಲೇಔಟ್ ನಕ್ಷೆ) ಅನುಮೋದನೆ ಆಗಿರಬೇಕು. ಕನ್ವರ್ಷನ್ ಬೇಕಾದರೆ ಆರ್‌ಟಿಸಿ (ಪಹಣಿ) ನಿಮ್ಮ ಹೆಸರಿನಲ್ಲಿರಬೇಕು. ಆರ್‌ಟಿಸಿಯಲ್ಲಿ ಇನ್ನೂ ಅಜ್ಜನ ಹೆಸರಿದ್ದು, ಅಣ್ಣ ತಮ್ಮ ಅಕ್ಕ ತಂಗಿಯರ ನಡುವೆ ಪಾಲು ಬಾಯಿಮಾತಿನಲ್ಲೇ ಆಗಿದ್ದರೆ ಕೆಲಸ ಶುರುವಾಗುವುದು ಅಲ್ಲಿಂದ. ಪಾಲುಪಟ್ಟಿ ಆಗಬೇಕು, 11ಇ ನಕ್ಷೆ (ನಿಮ್ಮ ಪಾಲನ್ನು ಬೇರೆ ಮಾಡಿ ತೋರಿಸುವ ಸರ್ವೆ ನಕ್ಷೆ) ಆಗಬೇಕು, ಸರ್ವೆಯವರು ಬಂದು ಅಳೆಯಬೇಕು. ಮುಂಬೈಯಲ್ಲೋ ದುಬೈಯಲ್ಲೋ ಇರುವ ಒಬ್ಬ ಪಾಲುದಾರರ ಸಹಿಗಾಗಿ ಮನೆಯೇ ಕಾಯುವುದನ್ನು ನಾವು ಬೇಕಾದಷ್ಟು ಸಲ ನೋಡಿದ್ದೇವೆ. ಹೊರಗಿರುವವರಲ್ಲಿ ನಮ್ಮ ಕೋರಿಕೆ: ವಾಟ್ಸ್ಯಾಪಿನಲ್ಲಿ "ಎಲ್ಲಾ ನೀವೇ ನೋಡಿಕೊಳ್ಳಿ" ಅಂತ ಕಳಿಸಿದರೆ ಸಾಲದು. ಊರಿಗೆ ಬಂದಾಗಲೇ ಈ ಸಹಿಗಳನ್ನು ಮುಗಿಸಿ ಹೋಗಿ.

ಕೆಲವರು ತೆರಿಗೆ ರಸೀದಿ ತೋರಿಸಿ "ಪಂಚಾಯತಿಗೆ ದುಡ್ಡು ಕಟ್ಟುತ್ತಿದ್ದೇವಲ್ಲ" ಅನ್ನುತ್ತಾರೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗುವುದಿಲ್ಲ. 11ಬಿ (ಅನಧಿಕೃತ ಆಸ್ತಿಗಳ ನಮೂನೆ) ಇದ್ದರೂ ಇದೇ ಮಾತು. 11ಎ ಬೇರೆ, 11ಬಿ ಬೇರೆ, ಆ ಒಂದು ಅಕ್ಷರವನ್ನು ದಯವಿಟ್ಟು ಸರಿಯಾಗಿ ನೋಡಿಕೊಳ್ಳಿ. ಸಾಲ ಬೇಕಾದವರಿಗೆ ಬ್ಯಾಂಕಿನಲ್ಲೂ ಮೊದಲ ಪ್ರಶ್ನೆ ಇದೇ ಆಗಿರುತ್ತದೆ.

ಕುಮ್ಕಿ ಜಾಗದಲ್ಲಿ ಹೊಸ ಮನೆ ನಾವು ಕಟ್ಟುವುದಿಲ್ಲ. ಇದರಲ್ಲಿ ವಾದ ಬೇಡ. ಎಷ್ಟು ತಲೆಮಾರಿನಿಂದ ನೀವು ಸೊಪ್ಪು ಕಡಿಯುತ್ತಿದ್ದರೂ ಕುಮ್ಕಿ ಅಂದರೆ ವರ್ಗ (ಪಟ್ಟಾ) ಜಾಗಕ್ಕೆ ತಾಗಿದ ಸರ್ಕಾರದ ಜಾಗ, ವರ್ಗದವರಿಗೆ ಇರುವುದು ಸೊಪ್ಪು ಕಟ್ಟಿಗೆಯಂಥ ಸವಲತ್ತು ಮಾತ್ರ. 94ಸಿ (ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡುವ ಕಲಂ) ಇದೆಯಲ್ಲ ಅನ್ನುವವರಿಗೆ: ಅದು ಹಿಂದೆಯೇ ಕಟ್ಟಿ ವಾಸ ಇದ್ದವರಿಗೆ, ಇವತ್ತು ಕಟ್ಟಿ ನಾಳೆ ಅರ್ಜಿ ಹಾಕುವವರಿಗಲ್ಲ.

ತೋಟದ ಮನೆ ವಿಷಯ ಸ್ವಲ್ಪ ಬೇರೆ. ಭೂ ಕಂದಾಯ ಕಾಯ್ದೆಯ 95ನೇ ಕಲಂನಲ್ಲಿ, ಕೃಷಿಕರು ತಮ್ಮ ಹಿಡುವಳಿಯ ಶೇ. 10ಕ್ಕೆ ಮೀರದಷ್ಟು ಜಾಗದಲ್ಲಿ ಕನ್ವರ್ಷನ್ ಇಲ್ಲದೆ ತೋಟದ ಮನೆ ಕಟ್ಟಿಕೊಳ್ಳಲು ಅವಕಾಶ ಇದೆ. ಕೃಷಿ ಮಾಡುವವರ ಸ್ವಂತ ಉಪಯೋಗಕ್ಕೆ ಅದು. ಹೋಂಸ್ಟೇ ಮಾಡುವ ಆಲೋಚನೆ ಇದ್ದವರು ಈ ದಾರಿ ಹಿಡಿಯಬೇಡಿ, ಮೊದಲೇ ಕನ್ವರ್ಷನ್ ಮಾಡಿಸಿ.

ನಮ್ಮ ಹತ್ತಿರ ಕಾಗದದ ಕೆಲಸ ಕೊಟ್ಟರೆ ಏನು ಮಾಡುತ್ತೇವೆ? ದಾಖಲೆ ನೋಡಿ ಏನು ಕಡಿಮೆ ಇದೆ ಅಂತ ಬರೆದು ಕೊಡುತ್ತೇವೆ. ಪ್ಲಾನ್ ಬರೆದು ಇಂಜಿನಿಯರ್ ಸಹಿಯೊಂದಿಗೆ ಅರ್ಜಿ ಹಾಕುತ್ತೇವೆ. ಸರ್ಕಾರದ 'ಸಕಾಲ' ಸೇವೆಯಲ್ಲಿ ಬರುವ ಅರ್ಜಿಯಾದರೆ ಸ್ವೀಕೃತಿಯ ಜಿಎಸ್‌ಸಿ ನಂಬರ್ (ಅರ್ಜಿಯ ಗುರುತಿನ ಸಂಖ್ಯೆ) ನಿಮ್ಮ ಫೋನಿಗೇ ಕಳಿಸುತ್ತೇವೆ, ಅರ್ಜಿ ಎಲ್ಲಿಗೆ ಬಂತು ಅಂತ ನಮ್ಮನ್ನು ಕೇಳದೆ ನೀವೇ ನೋಡಬಹುದು. ಲೈಸೆನ್ಸ್ ಫೀಸು, ಅನ್ವಯವಾದರೆ ಕಾರ್ಮಿಕ ಸೆಸ್ಸು, ಇವನ್ನು ನೀವೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ನಮ್ಮ ಬಿಲ್ಲಿನಲ್ಲಿ ನಮ್ಮ ಕೂಲಿ ಮಾತ್ರ ಇರುತ್ತದೆ. ರಸೀದಿ ಇಲ್ಲದ ಖರ್ಚು ನಾವು ಕೇಳುವುದಿಲ್ಲ, ನಮ್ಮ ಕೈಯಲ್ಲಿ ಕೊಟ್ಟು "ಬೇಗ ಮಾಡಿಸಿ" ಅನ್ನಲೂಬೇಡಿ. ಹಾಗೆ ಮಾಡಿಸಿಕೊಡುವವರು ಬೇರೆ ಇದ್ದಾರೆ ಅಂತ ಗೊತ್ತು. ಅವರಿಂದ ಮಾಡಿಸಿದರೆ ಬಂದ ಕಾಗದವನ್ನು ಇ-ಸ್ವತ್ತಿನಲ್ಲಿ ಒಮ್ಮೆ ತಾಳೆ ನೋಡಿ, ನಂತರ ನಮ್ಮ ಹತ್ತಿರ ಬನ್ನಿ.

ಮುಹೂರ್ತದ ಬಗ್ಗೆ ಹೇಳಲೇಬೇಕು, ಇದರಿಂದ ಬೇಜಾರು ಮಾಡಿಕೊಳ್ಳುವವರು ಜಾಸ್ತಿ. ಒಳ್ಳೆಯ ದಿನ ತಪ್ಪಬಾರದು ಅಂತಿದ್ದರೆ ಆ ದಿನ ಪೂಜೆ ಮಾಡಿ ಒಂದು ಕಲ್ಲು ಇಟ್ಟುಬಿಡಿ, ನಮ್ಮ ಮೇಸ್ತ್ರಿಯೂ ಬರುತ್ತಾರೆ. ಜೆಸಿಬಿ ಬರುವುದು ಲೈಸೆನ್ಸ್ ಬಂದ ಮೇಲೆಯೇ. ಇನ್ನೂ ಒಳ್ಳೆಯದು ಅಂದರೆ, ಮಳೆಗಾಲದಲ್ಲೇ ಕಾಗದಕ್ಕೆ ಕೈ ಹಾಕುವುದು. ಹೇಗೂ ಆಗ ಪಂಚಾಂಗದ ಕೆಲಸ ಆಗುವುದಿಲ್ಲ, ಕಾಗದದ ಓಡಾಟ ಆಗುತ್ತದೆ. ದೀಪಾವಳಿ ಕಳೆದು ಬಂದು "ಈ ಬೇಸಿಗೆಯಲ್ಲೇ ಆಗಬೇಕು" ಅಂದರೆ ನಾವು ಆಗಲಿ ಅನ್ನುವುದಿಲ್ಲ.

ಈಗಾಗಲೇ ಅಗ್ರಿಮೆಂಟ್ ಆಗಿರುವವರು ಗಾಬರಿಯಾಗಬೇಡಿ. ಮಾತಾಡಿದ ರೇಟು, ಮಾತಾಡಿದ ಷರತ್ತು ಹಾಗೇ ಇರುತ್ತದೆ. ಅಡ್ವಾನ್ಸ್ ಕೊಟ್ಟು ಇನ್ನೂ ಕೆಲಸ ಶುರುವಾಗದವರು ಬೇಕಾದರೆ ವಾಪಸ್ ತೆಗೆದುಕೊಳ್ಳಬಹುದು, ಪ್ಲಾನ್ ಬರೆದ ಖರ್ಚು ಮಾತ್ರ ಹಿಡಿದುಕೊಳ್ಳುತ್ತೇವೆ. ಹಂಚು ಬದಲಿಸುವುದು, ಸಾರಣೆ, ಪೇಂಟ್ ಇಂಥ ಸಣ್ಣ ರಿಪೇರಿಗೆ ಈ ನಿಯಮ ಇಲ್ಲ. ಮೇಲೆ ಇನ್ನೊಂದು ಮಹಡಿ ಎಬ್ಬಿಸುವುದು, ಪಕ್ಕಕ್ಕೆ ಕೋಣೆ ಸೇರಿಸುವುದು ರಿಪೇರಿ ಅಲ್ಲ, ಅದಕ್ಕೂ ಅನುಮತಿ ಬೇಕು.

ಮಾತಾಡಲು ಬರುವಾಗ ಹೊಸದಾಗಿ ತೆಗೆದ ಆರ್‌ಟಿಸಿ, ಕನ್ವರ್ಷನ್ ಆಗಿದ್ದರೆ ಆ ಆದೇಶ, 9/11 ಇದ್ದರೆ ಅದು, ಎಲ್ಲದರ ಜೆರಾಕ್ಸ್ ತನ್ನಿ. ಮೂಲ ಪ್ರತಿ ನಮ್ಮ ಹತ್ತಿರ ಬಿಟ್ಟು ಹೋಗಬೇಡಿ. ಭಾನುವಾರ ಕಚೇರಿ ಇರುವುದಿಲ್ಲ, ಶನಿವಾರ ಮಧ್ಯಾಹ್ನದವರೆಗೆ ಇರುತ್ತೇವೆ.

ಇಂತಿ,
ನಿಮ್ಮ ಊರಿನ ಪ್ಲಾನ್ ಮತ್ತು ಕಂಟ್ರಾಕ್ಟ್ ಕಚೇರಿಯವರು